ಅಲಾರಂ ಯಾರ ಮನೆಯಲ್ಲಿ ಹೊಡೀಬೇಕು?

ರಾಯಚೂರು ಜಿಲ್ಲೆಯ ಮಸ್ಕಿ ಆಚೆಗಿನ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡವ್ವ ಒಬ್ಬಳೇ ಇದ್ದಾಳೆ. ವಯಸ್ಸು 76. ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ನಮ್ಮ ಹತ್ರ ಬಂದು ಇರು ಅಂತ ಇಬ್ಬರೂ ಕರೆದು ಸಾಕಾದರು. ಒಮ್ಮೆ ಬೆಂಗಳೂರಿಗೆ ಹೋಗಿ ಹದಿನೆಂಟು ದಿನ ಇದ್ದು ಬಂದಳು. "ಅಲ್ಲಿ ಬಾಗಲ ತಗದ್ರ ಇನ್ನೊಬ್ರ ಬಾಗಲ ಕಾಣ್ತದ, ಮನಷ್ಯಾ ಕಾಣಂಗಿಲ್ಲ" ಎಂದಳು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಹೋದ ದೀಪಾವಳಿಗೆ ಬಂದ ಮಗ ಅವಳ ಕೈಗೆ ಒಂದು ವಾಚು ಕಟ್ಟಿದ. ಬಿದ್ದರೆ ತಾನಾಗಿ ಗುರುತು ಹಿಡಿದು ಅವನ ಫೋನಿಗೆ ಸುದ್ದಿ ಮುಟ್ಟಿಸುವ ವಾಚು. ಪಡಸಾಲೆಯಲ್ಲಿ ಒಂದು ಕ್ಯಾಮೆರಾ ಕೂಡ ಹಾಕಿಸಿದ. ಜನವರಿಯಲ್ಲಿ ಒಂದು ದಿನ ಬೆಳಗಿನ ಐದೂವರೆಗೆ ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ವಾಚು ಬಚ್ಚಲ ಗೋಡೆಯ ಗೂಡಿನಲ್ಲಿತ್ತು, ಸಬಕಾರದ ಪಕ್ಕ. ನೀರು ಬಿದ್ದರೆ ಕೆಡುತ್ತದೆ ಅಂತ ಬಿಚ್ಚಿಟ್ಟಿದ್ದಳು. ಕ್ಯಾಮೆರಾ ಪಡಸಾಲೆಯನ್ನು ನೋಡುತ್ತಿತ್ತು. ಅಲ್ಲಿ ಏನೂ ಆಗಿರಲಿಲ್ಲ. ಏಳು ಗಂಟೆಗೆ ಹಾಲು ಕೊಡಲು ಬಂದ ಪಕ್ಕದ ಮನೆ ಹುಡುಗಿ ಬಾಗಿಲು ಬಡಿದು, ಉತ್ತರ ಬಾರದೆ, ಹಿತ್ತಲಿಂದ ಸುತ್ತಿ ಬಂದು ನೋಡಿದಳು. ಒಂದೂವರೆ ತಾಸು ತಣ್ಣನೆ ಕಲ್ಲಿನ ಮೇಲೆ ಬಿದ್ದಿದ್ದಳು ದೊಡ್ಡವ್ವ. ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ. ಮಣಿಕಟ್ಟು ಊದಿತ್ತು, ಅಷ್ಟೇ.

ಒಂಬತ್ತು ಗಂಟೆಗೆ ಆಫೀಸಿನಲ್ಲಿ ಕೂತು ಮಗ ಕ್ಯಾಮೆರಾದ ರೆಕಾರ್ಡಿಂಗ್ ನೋಡಿದ. ಪಡಸಾಲೆಯಲ್ಲಿ ನೆರೆಮನೆಯವರು ಆ ಕಡೆ ಈ ಕಡೆ ಓಡಾಡುವುದು ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಇದರಲ್ಲಿ ವಾಚಿನ ತಪ್ಪು ಹುಡುಕುವುದು ಸುಲಭ. ಆದರೆ ವಾಚು ಕೈಯಲ್ಲೇ ಇತ್ತು, ನೀರಿಗೂ ಕೆಡದ ವಾಚು ಅಂದುಕೊಳ್ಳಿ. ಐದೂವರೆಗೆ ಬೆಂಗಳೂರಿನಲ್ಲಿ ಮಗನ ಫೋನು ಬಡಕೊಳ್ಳುತ್ತಿತ್ತು. ಅವನು ಎದ್ದು ಏನು ಮಾಡುತ್ತಿದ್ದ? ಸುಮಾರು 400 ಕಿಲೋಮೀಟರ್ ದೂರ. ಪಕ್ಕದ ಮನೆಯವರ ನಂಬರ್ ಅವನ ಹತ್ತಿರ ಇರಲೇ ಇಲ್ಲ. ನನಗೆ ಫೋನು ಮಾಡುತ್ತಿದ್ದ. ನಾನಿರುವುದು ಸಿಂಧನೂರಿನಲ್ಲಿ. ಮಂಜಿನಲ್ಲಿ ಗಾಡಿ ತೆಗೆದು ಹೊರಟರೂ ಒಂದು ತಾಸಾದರೂ ಬೇಕು. ಅತ್ತ ದೊಡ್ಡವ್ವನ ಬಚ್ಚಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಒಂದು ಗೋಡೆಯ ಆಚೆ, ಗಟ್ಟಿಮುಟ್ಟಾದ ಮೂರು ಜನ ಮಲಗಿದ್ದರು. ಸುದ್ದಿ ಮಾತ್ರ ಬೆಂಗಳೂರಿಗೆ ಹೋಗಿ ವಾಪಸ್ ಬರಬೇಕಿತ್ತು.

ವಯಸ್ಸಾದವರು ತಮ್ಮ ಮನೆಯಲ್ಲೇ ಇರಲು ತಂತ್ರಜ್ಞಾನ ಹೇಗೆ ನೆರವಾಗುತ್ತದೆ ಎಂದು ಮಾತಾಡುವಾಗ ನಾವು ಯಂತ್ರ ಏನೇನು ಗುರುತು ಹಿಡಿಯುತ್ತದೆ ಅಂತಲೇ ಜಾಸ್ತಿ ಕೇಳುತ್ತೇವೆ. ಗುರುತು ಹಿಡಿದ ಮೇಲೆ ಯಾರ ಮನೆಯಲ್ಲಿ ಸದ್ದಾಗುತ್ತದೆ ಅಂತ ಕೇಳುವುದು ಕಮ್ಮಿ. ರಾಯಚೂರು, ಕೊಪ್ಪಳದಂಥ ಕಡೆ ಆ ಎರಡನೇ ಪ್ರಶ್ನೆಯೇ ದೊಡ್ಡದು ಅನ್ನುವುದು ನನ್ನ ಲೆಕ್ಕ.

ಮನಿ ಕಾಯುವವರು

ಅಂಕಿಗಳು ಗೊತ್ತಿರುವಂಥವೇ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು 10.38 ಕೋಟಿ. ಕರ್ನಾಟಕದಲ್ಲಿ ಜನಸಂಖ್ಯೆಯ ಸುಮಾರು 9.5 ಶೇಕಡಾ. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಹೇಳುತ್ತದೆ.

ನಮ್ಮ ಕಡೆಯ ಚಿತ್ರ ಈ ಅಂಕಿಗಳಲ್ಲಿ ಪೂರಾ ಕಾಣುವುದಿಲ್ಲ. ಇಲ್ಲಿ ಗುಳೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಭಾಗ ಬಿಡಿ, ಅಲ್ಲಿ ಭತ್ತದ ಗದ್ದೆಯಲ್ಲಿ ಒಂದಿಷ್ಟು ಕೆಲಸ ಸಿಗುತ್ತದೆ. ನೀರಾವರಿ ಸಿಗದ ಎರಿ ಮಸಾರಿ ನೆಲದಲ್ಲಿ, ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆ, ಸುಗ್ಗಿ ಮುಗಿದ ಮೇಲೆ ಸಂಸಾರ ಸಂಸಾರವೇ ಬೆಂಗಳೂರು, ಹೈದರಾಬಾದ್, ಪುಣೆ ಬಸ್ಸು ಹತ್ತುತ್ತವೆ. ಊರಲ್ಲಿ ಉಳಿಯುವುದು ಮುದುಕರು ಮತ್ತು ಸಾಲಿಗೆ ಹೋಗುವ ಮೊಮ್ಮಕ್ಕಳು. ಕೇಳಿದರೆ "ಮನಿ ಕಾಯಾಕತ್ತೀವ್ರಿ" ಅನ್ನುತ್ತಾರೆ.

ಈ ಮಾತು ಮುಖ್ಯ. ಪಟ್ಟಣದ ಬರಹಗಳಲ್ಲಿ ಹಿರಿಯರು ಸ್ವತಂತ್ರವಾಗಿ ಬದುಕುವುದು ಅವರ ಆಯ್ಕೆ ಎನ್ನುವ ಹಾಗೆ ಇರುತ್ತದೆ. ಇಲ್ಲಿ ಅದು ಕೆಲಸದ ಹಂಚಿಕೆ. ದುಡಿಯುವವರು ಹೊರಗೆ, ಕಾಯುವವರು ಒಳಗೆ. ಎಮ್ಮೆ, ರೇಷನ್ ಕಾರ್ಡು, ಹೊಲದ ಪಹಣಿ, ಎರಡು ಸಣ್ಣ ಹುಡುಗರು, ಎಲ್ಲದಕ್ಕೂ ಆ ಒಬ್ಬ ಮುದುಕಿಯೇ ಗತಿ. ಅವಳಿಗೇ ಯಾರೋ ನೆರವು ಕೊಡಬೇಕು ಅನ್ನುವ ಯೋಚನೆ ಮನೆಯಲ್ಲಿ ಬರುವುದು ಅವಳು ಬಿದ್ದ ಮೇಲೆ.

ಐವತ್ತು ವರ್ಷದ ಹಳೇ ಗುಂಡಿ

ಬಿದ್ದವರನ್ನು ಯಂತ್ರದಿಂದ ಕಾಯುವ ಯೋಚನೆ ಹೊಸದೇನಲ್ಲ. 1970ರ ದಶಕದ ಮೊದಲಲ್ಲೇ ಜರ್ಮನಿಯಲ್ಲಿ ವಿಲ್ಹೆಲ್ಮ್ ಹೊರ್ಮನ್ ಎಂಬುವವರು ಮನೆಯಿಂದಲೇ ತುರ್ತು ಕರೆ ಕಳಿಸುವ ವ್ಯವಸ್ಥೆ ರೂಪಿಸಿದರು. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಆಂಡ್ರ್ಯೂ ಡಿಬ್ನರ್ ಲೈಫ್‌ಲೈನ್ ಎನ್ನುವ ಕಂಪನಿ ಕಟ್ಟಿದರು. ಕೊರಳಲ್ಲಿ ಒಂದು ಗುಂಡಿ, ಮನೆಯ ಫೋನಿಗೆ ಒಂದು ಡಬ್ಬಿ, ಆ ತುದಿಯಲ್ಲಿ ಕರೆ ಎತ್ತಿಕೊಳ್ಳುವ ಒಬ್ಬರು. 2018ರಲ್ಲಿ ಬಂದ ಆಪಲ್ ವಾಚ್ ಸೀರೀಸ್ 4 ಗುಂಡಿ ಒತ್ತುವ ಕೆಲಸವನ್ನೂ ತಾನೇ ವಹಿಸಿಕೊಂಡಿತು. ಇಂಥ ವಾಚಿನ ಒಳಗಿರುವ ಸೆನ್ಸರ್ ಸಾಮಾನ್ಯವಾಗಿ ಮೂರು ಸಂಗತಿ ನೋಡುತ್ತದೆ: ಥಟ್ಟನೆ ಕೆಳಗೆ ಹೋಗುವುದು, ಬಡಿತ, ಆಮೇಲೆ ಅಲುಗದೆ ಇರುವುದು. ಇವು ಒಂದರ ಹಿಂದೊಂದು ಬಂದರೆ ಬಿದ್ದಿದ್ದಾರೆ ಅಂತ ಲೆಕ್ಕ.

ನಮ್ಮ ಮನೆಗಳಲ್ಲಿ ಮುದುಕರು ಯಾವಾಗಲೂ ಹಾಗೆ ಬೀಳುವುದಿಲ್ಲ. ಹೊರಸಿನಿಂದ ಏಳಲು ಹೋಗಿ ಮೆಲ್ಲಗೆ ಜಾರಿ ಕೂರುತ್ತಾರೆ. ಗೋಡೆ ಹಿಡಿದುಕೊಂಡು ಕುಸಿಯುತ್ತಾರೆ. ಬಡಿತವೇ ಇರುವುದಿಲ್ಲ, ಸೆನ್ಸರಿಗೆ ಗೊತ್ತೂ ಆಗುವುದಿಲ್ಲ. ಅದೇ ಕೈ ಒನಕೆ ಹಿಡಿದು ಕುಟ್ಟುತ್ತಿದ್ದರೆ, ರೊಟ್ಟಿ ಬಡಿಯುತ್ತಿದ್ದರೆ ವಾಚಿಗೆ ಗಾಬರಿ. ದೊಡ್ಡವ್ವನ ವಾಚು ಮೊದಲ ವಾರವೇ ಎರಡು ಸಲ ಸುಳ್ಳು ಸುದ್ದಿ ಕಳಿಸಿತ್ತು. ಎರಡೂ ಸಲ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು.

ಗುಂಡಿ ಇದ್ದವರೂ ಒತ್ತುತ್ತಾರೆ ಅಂತ ನಂಬುವ ಹಾಗಿಲ್ಲ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೇಂಬ್ರಿಜ್‌ನ 90 ದಾಟಿದ 110 ಜನರ ಬಗ್ಗೆ ಒಂದು ಅಧ್ಯಯನ ಬಂತು. ಒಂದು ವರ್ಷದಲ್ಲಿ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿದ್ದಿದ್ದರು. ಬಿದ್ದವರಲ್ಲಿ ಹೆಚ್ಚಿನವರಿಗೆ ಒಂದು ಸಲವಾದರೂ ತಾವಾಗಿ ಏಳಲು ಆಗಿರಲಿಲ್ಲ. ತುರ್ತು ಕರೆಯ ಗುಂಡಿ ಬಹಳ ಜನರ ಬಳಿ ಇತ್ತು. ಆದರೆ ಹೆಚ್ಚು ಹೊತ್ತು ನೆಲದ ಮೇಲೆ ಬಿದ್ದಿದ್ದವರಲ್ಲಿ ಬಹುಪಾಲು ಜನ ಅದನ್ನು ಒತ್ತಿರಲೇ ಇಲ್ಲ. ಯಾಕೆ? ಕೈಗೆ ಸಿಗಲಿಲ್ಲ, ಯಾರಿಗೂ ತ್ರಾಸು ಕೊಡಬಾರದು ಅನ್ನಿಸಿತು, ತಾವೇ ಎದ್ದೇವು ಅಂದುಕೊಂಡರು. ಇಂಥ ಕಾರಣಗಳು ಇಂಗ್ಲೆಂಡಿಗೂ ಮಸ್ಕಿಗೂ ಒಂದೇ. ದೊಡ್ಡವ್ವ ಕೂಡ ಕೂಗಲಿಲ್ಲ. "ಹೊತ್ತು ಮುಂಚೆ ಮಂದಿನ್ನ ಯಾಕ ಎಬ್ಬಿಸಬೇಕು" ಅನ್ನುವುದು ಅವಳ ಉತ್ತರ.

ಹೀಗೆ ಬಿದ್ದಲ್ಲೇ ಬಿದ್ದಿರುವುದು ಬಿದ್ದ ಪೆಟ್ಟಿನಷ್ಟೇ ಅಪಾಯ. ತಾಸುಗಟ್ಟಲೆ ಒಂದೇ ಮಗ್ಗುಲಲ್ಲಿದ್ದರೆ ಅದುಮಿಕೊಂಡ ಮಾಂಸಖಂಡ ಹಾಳಾಗಿ, ಅದರ ಅಂಶ ರಕ್ತ ಸೇರಿ ಕಿಡ್ನಿಗೆ ಹೊಡೆತ ಬೀಳುತ್ತದೆ. ಮೈಯಲ್ಲಿ ನೀರು ಕಮ್ಮಿಯಾಗುತ್ತದೆ. ಚರ್ಮ ಒತ್ತಿ ಹುಣ್ಣಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರ ಪಾಲೇ ದೊಡ್ಡದು.

ಚಹಾದ ಕೆಟಲು, ನಮ್ಮ ಮಿಸ್ಡ್ ಕಾಲು

ನನಗೆ ಬಹಳ ಹಿಡಿಸಿದ ಸಾಧನ ಜಪಾನಿನದು. 2001ರಲ್ಲಿ ಜೋಜಿರುಶಿ ಎನ್ನುವ ಪಾತ್ರೆ ಕಂಪನಿ ಒಂದು ಕರೆಂಟಿನ ಬಿಸಿನೀರಿನ ಕೆಟಲು ತಂದಿತು. ಒಂಟಿಯಾಗಿರುವ ಅಜ್ಜಿ ಚಹಾಕ್ಕೆ ನೀರು ಬಸಿದುಕೊಂಡಾಗ ಕೆಟಲು ಅದನ್ನು ಗುರುತಿಟ್ಟುಕೊಂಡು ಬೇರೆ ಊರಿನಲ್ಲಿರುವ ಮಕ್ಕಳಿಗೆ ಸಂದೇಶ ಕಳಿಸುತ್ತದೆ. ಅಷ್ಟೇ. ಅಜ್ಜಿ ಏನನ್ನೂ ಕಟ್ಟಿಕೊಳ್ಳಬೇಕಿಲ್ಲ, ಒತ್ತಬೇಕಿಲ್ಲ, ಕಲಿಯಬೇಕಿಲ್ಲ. ದಿನಾ ಮಾಡುವ ಚಹಾವೇ ಸುದ್ದಿ.

ಇದೇ ಯೋಚನೆ ನಮ್ಮಲ್ಲಿ ದುಡ್ಡಿಲ್ಲದೆ ನಡೆಯುತ್ತದೆ, ಗಮನಿಸಿದ್ದೀರಾ? ಮಿಸ್ಡ್ ಕಾಲ್. ದೊಡ್ಡವ್ವ ಬಿದ್ದ ಮೇಲೆ ನಾವು ಮಾಡಿಕೊಂಡ ಮೊದಲ ಕರಾರು ಇದು: ಬೆಳಿಗ್ಗೆ ಚಹಾ ಕುಡಿದ ಮೇಲೆ ಮಗನಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಕೀಪ್ಯಾಡ್ ಫೋನಿನಲ್ಲಿ 2ನೇ ಗುಂಡಿ ಒತ್ತಿ ಹಿಡಿದರೆ ಸಾಕು, ಸ್ಪೀಡ್ ಡಯಲ್ ಹಾಕಿಕೊಟ್ಟಿದ್ದೇವೆ. ಏಳೂವರೆಯೊಳಗೆ ಬರದಿದ್ದರೆ ಅವನು ಪಕ್ಕದ ಮನೆಗೆ ಫೋನು ಹಚ್ಚುತ್ತಾನೆ. ಈಗ ನಂಬರ್ ಇದೆ. ಮೊದಲ ತಿಂಗಳು ನಾಲ್ಕು ಸಲ ಮರೆತಳು, ನಾಲ್ಕು ಸಲವೂ ಪಕ್ಕದ ಮನೆಯವರು ಬಂದು ಕೂತು ಚಹಾ ಕುಡಿದು ಹೋದರು. ಸುಳ್ಳು ಅಲಾರಂ ಅಂದರೆ ಹೀಗಿದ್ದರೆ ಅಡ್ಡಿಯಿಲ್ಲ ಅಲ್ವಾ?

ಅಪಾಯ ಇರುವುದು ರೀಚಾರ್ಜಿನಲ್ಲಿ. ಅವಧಿ ಮುಗಿದರೆ ಹೊರಗೆ ಕರೆ ಹೋಗುವುದಿಲ್ಲ. ಕೀಪ್ಯಾಡ್ ಫೋನಿನ ಮುದುಕರು ತಮಗೆ ಬೇಡದ ಡೇಟಾಕ್ಕೂ ಸೇರಿಸಿ ದುಡ್ಡು ಕೊಡಬೇಕಾಗಿತ್ತು. 2024ರ ಡಿಸೆಂಬರಿನಲ್ಲಿ ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರಕಾರಿ ಸಂಸ್ಥೆ ಟ್ರಾಯ್ ನಿಯಮ ತಿದ್ದಿ, ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕನ್ನೂ ಕಂಪನಿಗಳು ಇಡಲೇಬೇಕು ಎಂದಿತು. 365 ದಿನದವರೆಗಿನ ಅವಧಿಗೂ ಅವಕಾಶ ಕೊಟ್ಟಿತು. ದೊಡ್ಡ ದೊಡ್ಡ ಆ್ಯಪ್‌ಗಳಿಗಿಂತ ಹಳ್ಳಿಯ ಮುದುಕರಿಗೆ ಈ ಸಣ್ಣ ನಿಯಮ ಜಾಸ್ತಿ ಉಪಯೋಗದ್ದು. ಆದರೆ ಅಂಗಡಿಯಲ್ಲಿ ಕೇಳಿ ಹಾಕಿಸಬೇಕು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. 2016ರ ಸರಕಾರಿ ನಿಯಮದ ಪ್ರಕಾರ ಆಮೇಲೆ ಮಾರಾಟಕ್ಕೆ ಬಂದ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ನೇ ಗುಂಡಿ ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ನಿಮ್ಮ ಮನೆಯ ಫೋನಿನಲ್ಲಿ ಯಾವ ಗುಂಡಿ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಸುಮ್ನೆ ಆಟಕ್ಕೆ ಒತ್ತಿ ನೋಡಬೇಡಿ, 112ಕ್ಕೆ ಹೋಗುತ್ತದೆ.

ಮಾತಿನಿಂದಲೇ ನಡೆಸುವ ಸ್ಮಾರ್ಟ್ ಫೋನು ಕೊಡಿಸಿದರೆ ಓದು ಬಾರದವರಿಗೆ ಸಲೀಸು ಅನ್ನುತ್ತಾರೆ. ಕನ್ನಡವೂ ಬರುತ್ತದೆ, ನಿಜ. ದೊಡ್ಡವ್ವನ ಕೈಗೆ ನನ್ನ ಫೋನು ಕೊಟ್ಟು ನೋಡಿದೆ. "ನನ್ ಮಗ್ಗ ಫೋನ್ ಹಚ್ಚು" ಅಂದಳು. ಅದು ಹಚ್ಚೆಯ ಚಿತ್ರಗಳನ್ನು ತೋರಿಸಿತು. ನಮ್ಮ ಕಡೆ ಫೋನು ಹಚ್ಚುತ್ತಾರೆ, ಕರೆ ಮಾಡುವುದಿಲ್ಲ. ಈ ಸಣ್ಣ ವಿಷಯವನ್ನು ಫೋನಿಗೆ ಯಾರೂ ಹೇಳಿಕೊಟ್ಟಿಲ್ಲ.

ಬಿಸಿಲಿಗೆ ಕುರುಡಾಗುವ ಸೆನ್ಸರು

ಗೋಡೆಗೆ ಹಚ್ಚುವ ಚಲನೆಯ ಸೆನ್ಸರುಗಳಿವೆ. ಪಟ್ಟಣದ ಹೋಟೆಲುಗಳ ಮೆಟ್ಟಿಲಲ್ಲಿ ಜನ ಬಂದಾಗ ತಾನಾಗಿ ಲೈಟು ಹತ್ತುತ್ತದಲ್ಲ, ಅದೇ. ಇವನ್ನು ಅಡುಗೆ ಮನೆ, ಬಚ್ಚಲ ಬಾಗಿಲಲ್ಲಿ ಹಾಕಿ, ಇಂತಿಷ್ಟು ಹೊತ್ತು ಓಡಾಟ ಕಾಣದಿದ್ದರೆ ಸುದ್ದಿ ಕಳಿಸುವ ವ್ಯವಸ್ಥೆ ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ. ಕ್ಯಾಮೆರಾದಂತೆ ಮುಖ ಕಾಣುವುದಿಲ್ಲ, ಮಾನ ಉಳಿಯುತ್ತದೆ.

ಇಲ್ಲಿಯ ಬಿಸಿಲಿಗೆ ಮಾತ್ರ ಅದು ಕೈಕೊಡುತ್ತದೆ. ಈ ಸೆನ್ಸರು ನೋಡುವುದು ಮೈಯ ಬಿಸಿಯನ್ನು. ಸುತ್ತಲಿನ ಗೋಡೆಗಿಂತ ಬಿಸಿಯಾದದ್ದೊಂದು ಅಡ್ಡ ಹಾದರೆ ಗುರುತು ಹಿಡಿಯುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆರ್‌ಸಿಸಿ ಮನೆಯ ಗೋಡೆ ಮಧ್ಯಾಹ್ನದ ಹೊತ್ತಿಗೆ ಮನುಷ್ಯನ ಚರ್ಮದಷ್ಟೇ ಬಿಸಿಯಾಗಿರುತ್ತದೆ. ಗೋಡೆಗೂ ಅಜ್ಜಿಗೂ ವ್ಯತ್ಯಾಸವೇ ಇಲ್ಲದಾಗ ಸೆನ್ಸರಿಗೆ ಅಜ್ಜಿ ಕಾಣುವುದಿಲ್ಲ. ಮುದುಕರಿಗೆ ಬಾಯಾರಿಕೆ ಗೊತ್ತಾಗದೆ, ಬಿಸಿಲಿಗೆ ತಲೆ ತಿರುಗಿ ಬೀಳುವ ಕಾಲವೂ ಅದೇ. ರೇಡಾರ್ ತಂತ್ರದ ಹೊಸ ಸೆನ್ಸರುಗಳಿಗೆ ಈ ತೊಂದರೆ ಇಲ್ಲ, ಆದರೆ ತಿರುಗುವ ಫ್ಯಾನು, ಹಾರಾಡುವ ಪರದೆಗೆಲ್ಲ ಅವು ಮೋಸ ಹೋಗುತ್ತವೆ.

ಕರೆಂಟಿನ ಕಥೆ ಹೇಳುವುದೇ ಬೇಡ. ರಾಯಚೂರು ಪಕ್ಕದ ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವಾಟ್‌ನ ವಿದ್ಯುತ್ ಸ್ಥಾವರ, ಬಳ್ಳಾರಿಯ ಕುಡತಿನಿಯದ್ದು 1,700 ಮೆಗಾವಾಟ್. ಇಡೀ ರಾಜ್ಯಕ್ಕೆ ದೀಪ ಹಚ್ಚುವ ಜಿಲ್ಲೆಗಳು. ಆದರೂ ಗಾಳಿ ಮಳೆಗೆ ಹಳ್ಳಿಯ ಲೈನು ಹೋದರೆ ವಾಪಸ್ ಬರುವುದು ಯಾವಾಗಲೋ. ಕರೆಂಟು ಹೋದರೆ ವೈಫೈ ಡಬ್ಬಿ ಸತ್ತಂತೆ, ಅದರ ಹಿಂದೆ ಕ್ಯಾಮೆರಾ, ಸೆನ್ಸರು ಎಲ್ಲವೂ. ಹಾಗಾಗಿ ನನ್ನ ಲೆಕ್ಕ ಸರಳ: ಸೆಲ್ ಹಾಕಿ ನಡೆಸಲು ಬಾರದ, ಇಂಟರ್ನೆಟ್ ಇಲ್ಲದೆ ಕೆಲಸ ಮಾಡದ ಯಂತ್ರವನ್ನು ಹಳ್ಳಿಯ ಒಂಟಿ ಮನೆಗೆ ತರಬೇಡಿ. ತಂದರೂ ಅದನ್ನೇ ನಂಬಿ ಕೂರಬೇಡಿ.

ಕ್ಯಾಮೆರಾ ಬಗ್ಗೆ ಇನ್ನೊಂದು ಮಾತು. ಎರಡು ಮೂರು ಸಾವಿರಕ್ಕೆ ಸಿಗುತ್ತದೆ, ಮಕ್ಕಳಿಗೆ ಸಮಾಧಾನ. ದೊಡ್ಡವ್ವ ಅದರ ಮೇಲೆ ಒಂದು ವಲ್ಲಿ ಹೊಚ್ಚಿದ್ದಳು. ಮಗ ಫೋನಿನಲ್ಲಿ ತೆಗಿ ಅಂದರೆ ತೆಗೆಯುತ್ತಾಳೆ, ಆಮೇಲೆ ಮತ್ತೆ ಹೊಚ್ಚುತ್ತಾಳೆ. ಯಾಕವ್ವ ಅಂದೆ. "ಅವ ನನ್ನ ನೋಡ್ತಾನ. ನಾ ಅವನ್ನ ನೋಡಾಕ ಬರ್ತದೇನು?" ನಾನು ಸುಮ್ಮನಾದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಒಬ್ಬರ ಮಾಹಿತಿ ಬಳಸಲು ಅವರ ಒಪ್ಪಿಗೆ ಬೇಕು ಅನ್ನುತ್ತದೆ. ಮನೆಮಟ್ಟಿನ ಸ್ವಂತ ಬಳಕೆಗೆ ಅದು ಅನ್ವಯಿಸುವುದಿಲ್ಲ. ಅಂದರೆ ಪಡಸಾಲೆಯಲ್ಲಿ ಒಪ್ಪಿಗೆ ಕೇಳುವುದು ಮಕ್ಕಳಿಗೇ ಬಿಟ್ಟ ವಿಷಯ. ಹಾಕುವ ಮುಂಚೆ ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಕ್ಯಾಮೆರಾ ಇಲ್ಲ. ಭಾನುವಾರ ಪಕ್ಕದ ಮನೆ ಹುಡುಗಿಯ ಫೋನಿನಲ್ಲಿ ವಿಡಿಯೋ ಕಾಲ್ ಇದೆ. ಅದರಲ್ಲಿ ಇಬ್ಬರೂ ಇಬ್ಬರನ್ನು ನೋಡುತ್ತಾರೆ.

ಹೆಬ್ಬೆಟ್ಟು, ಗುಳಿಗೆ, ಬಲ್ಬು

ಒಬ್ಬರೇ ಇರುವುದೆಂದರೆ ಬೀಳದೆ ಇರುವುದಷ್ಟೇ ಅಲ್ಲವಲ್ಲ. ದುಡ್ಡು ತೆಗೆಯಬೇಕು, ಗುಳಿಗೆ ನುಂಗಬೇಕು.

ಹತ್ತಿ ಬಿಡಿಸಿ, ಸಸಿ ಹಚ್ಚಿ, ಕಸ ಕಿತ್ತು ಸವೆದ ಬೆರಳುಗಳು ಬಯೋಮೆಟ್ರಿಕ್ ಯಂತ್ರಕ್ಕೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹೆಬ್ಬೆಟ್ಟು ಒತ್ತಿ, ಒರೆಸಿ, ಮತ್ತೆ ಒತ್ತಿ, "ನಾಳಿಗ್ ಬಾ ಅಮ್ಮ" ಅನ್ನಿಸಿಕೊಂಡು ಬರುವ ಮುದುಕರನ್ನು ಎಲ್ಲ ಊರಲ್ಲೂ ನೋಡಬಹುದು. ಸರಕಾರಿ ಪಿಂಚಣಿದಾರರು ಬದುಕಿದ್ದೇವೆ ಅಂತ ತೋರಿಸುವ ಜೀವನ್ ಪ್ರಮಾಣ್ 2014ರಲ್ಲಿ ಬಂತು. 2021ರಲ್ಲಿ ಅದಕ್ಕೆ ಮುಖ ತೋರಿಸಿ ದೃಢೀಕರಿಸುವ ಸೌಲಭ್ಯ ಸೇರಿತು. ಬೆರಳು ಸವೆದವರಿಗೆ ಅದು ನಿಜವಾದ ಉಪಕಾರ. 2018ರಲ್ಲಿ ಶುರುವಾದ ಅಂಚೆ ಪೇಮೆಂಟ್ಸ್ ಬ್ಯಾಂಕಿನಿಂದ ಪೋಸ್ಟ್‌ಮನ್ ಮನೆ ಬಾಗಿಲಿಗೇ ಯಂತ್ರ ತಂದು ಆಧಾರ್ ಜೋಡಿಸಿದ ಖಾತೆಯ ದುಡ್ಡು ಕೊಡಬಹುದು. ಕೇಳಿದರೆ ಬರುತ್ತಾರೆ. ಕೇಳಬೇಕು ಅಂತ ಗೊತ್ತಿರಬೇಕಷ್ಟೇ.

ದುಡ್ಡಿನ ಜೊತೆ ಕಳ್ಳರೂ ಫೋನಿಗೇ ಬಂದಿದ್ದಾರೆ. ಪೊಲೀಸರಂತೆ ನಟಿಸಿ ಫೋನಿನಲ್ಲೇ ಹೆದರಿಸಿ ದುಡ್ಡು ಕೀಳುತ್ತಾರೆ, ಅದಕ್ಕೆ ಡಿಜಿಟಲ್ ಅರೆಸ್ಟ್ ಅನ್ನುತ್ತಾರೆ. ಅಂಥದ್ದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು, ತಡವಾದಷ್ಟೂ ವಾಪಸ್ ಸಿಗುವುದು ಕಷ್ಟ. ಹಿರಿಯರಿಗೆ ಸ್ಮಾರ್ಟ್ ಫೋನು ಕೊಡಿಸುವವರು ಅದರ ಜೊತೆಗೆ ಈ ನಂಬರನ್ನೂ ಗೋಡೆಗೆ ಬರೆದು ಕೊಡಲಿ.

ಗುಳಿಗೆಯ ವಿಷಯಕ್ಕೆ ಬಂದರೆ, 2017-18ರಲ್ಲಿ ವಯಸ್ಸಾದವರ ಬಗ್ಗೆ ದೇಶದಾದ್ಯಂತ ನಡೆದ ಲಾಸಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ 60 ದಾಟಿದ ಸುಮಾರು 7.5 ಕೋಟಿ ಜನಕ್ಕೆ ಒಂದಲ್ಲ ಒಂದು ದೀರ್ಘ ಕಾಯಿಲೆ ಇದೆ. ನೆನಪು ಮಾಡುವ ಆ್ಯಪು, ಬೀಪ್ ಅನ್ನುವ ಡಬ್ಬಿ ಎಲ್ಲ ಸಿಗುತ್ತವೆ. ದೊಡ್ಡವ್ವ ಗುಳಿಗೆ ಮರೆಯುವುದಿಲ್ಲ. ಅವಳಿಗೆ ಬಿಪಿದು "ಗುಲಾಬಿ ಗುಳಿಗಿ", ಶುಗರಿನದು "ಉದ್ದಂದು". ಹೋದ ತಿಂಗಳು ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರು. ಔಷಧ ಅದೇ, ಬಣ್ಣ ಮಾತ್ರ ಬಿಳಿ. ಗುಲಾಬಿಯದು ಸಿಗಲಿಲ್ಲ ಅಂತ ಎಂಟು ದಿನ ಬಿಪಿ ಗುಳಿಗೆ ಬಿಟ್ಟಿದ್ದಳು. ಯಾವ ಆ್ಯಪ್ ಇದನ್ನು ಹಿಡಿಯುತ್ತಿತ್ತು? ವಾರಕ್ಕೊಮ್ಮೆ ಬಿಪಿ ನೋಡುವ ಯಂತ್ರ ಹಿಡಿಯಿತು. ಹಾಂ, ಬಿಪಿ ಯಂತ್ರ ಕೊಳ್ಳುವವರು ಮಣಿಕಟ್ಟಿಗೆ ಕಟ್ಟುವುದನ್ನು ಬಿಟ್ಟು ತೋಳಿಗೆ ಸುತ್ತುವುದನ್ನೇ ತನ್ನಿ. ನೋಡುವ ಮುಂಚೆ ಐದು ನಿಮಿಷ ಬೆನ್ನು ಆನಿಸಿ ಕೂರಿಸಿ.

ಇಷ್ಟೆಲ್ಲ ಹೇಳಿ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ: ದೊಡ್ಡವ್ವ ಬಿದ್ದದ್ದು ಬಚ್ಚಲಲ್ಲಿ ಬೆಳಕಿಲ್ಲದ್ದಕ್ಕೆ, ಪಾಚಿಗಟ್ಟಿದ ಕಲ್ಲು ನುಣ್ಣಗಾದದ್ದಕ್ಕೆ. ವಾಚಿನ ದುಡ್ಡಿನಲ್ಲಿ ಬಚ್ಚಲಿಗೆ ಒಂದು ಎಲ್‌ಇಡಿ ಬಲ್ಬು, ಕಲ್ಲಿಗೆ ಉಳಿ ಪೆಟ್ಟು, ಗೋಡೆಗೆ ಹಿಡಿದುಕೊಳ್ಳಲು ಒಂದು ಪೈಪು, ಹೊಸ್ತಿಲ ಪಕ್ಕ ಒಂದು ಮೆಟ್ಟಿಲು ಎಲ್ಲ ಆಗುತ್ತಿತ್ತು. ಆಗಿ ದುಡ್ಡು ಉಳಿಯುತ್ತಿತ್ತು. ಬಡ ಹಿರಿಯರಿಗೆ ಊರುಗೋಲು, ಕಿವಿಯ ಯಂತ್ರ, ಕನ್ನಡಕ, ಹಲ್ಲಿನ ಸೆಟ್ಟು ಪುಕ್ಕಟೆ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಕಿವಿ ಕೇಳದವರಿಗೆ ಅಲಾರಂ ಕೊಟ್ಟು ಏನುಪಯೋಗ? ಮೊದಲು ಕಿವಿಯ ಯಂತ್ರ.

ಆ ತುದಿಯಲ್ಲಿ ಯಾರು?

ಪಟ್ಟಣಗಳಲ್ಲಿ ತಿಂಗಳ ಶುಲ್ಕಕ್ಕೆ ಈ ಕೆಲಸ ಮಾಡುವ ಕಂಪನಿಗಳಿವೆ. ಕರೆ ಎತ್ತಿಕೊಳ್ಳುತ್ತಾರೆ, ಆಂಬುಲೆನ್ಸ್ ಕಳಿಸುತ್ತಾರೆ, ವಾರಕ್ಕೊಮ್ಮೆ ಒಬ್ಬರು ಬಂದು ನೋಡುತ್ತಾರೆ. ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ 65 ದಾಟಿದವರಿಗೆ ಬರುವುದು ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಯಾರು ಶುಲ್ಕ ಕಟ್ಟುತ್ತಾರೆ? ಕಟ್ಟಿದರೂ ಆ ಕಂಪನಿಯ ಹುಡುಗ ಕುಷ್ಟಗಿಯ ಹಳ್ಳಿಗೆ ಬರುವುದಿಲ್ಲ.

ಸರಕಾರದ ನಂಬರುಗಳಿವೆ. 2021ರ ಅಕ್ಟೋಬರ್ 1ರಿಂದ ದೇಶಕ್ಕೆಲ್ಲ ಹಿರಿಯರ ಸಹಾಯವಾಣಿ 14567. ಪಿಂಚಣಿ, ಕಾನೂನು, ಮನೆಯವರ ಕಾಟ ಇಂಥದ್ದಕ್ಕೆ ಅದು ಸರಿ. ಬಚ್ಚಲಲ್ಲಿ ಬಿದ್ದವಳನ್ನು ಎತ್ತಲು ಅಲ್ಲ. 2008ರಿಂದ ಇರುವ 108 ಆಂಬುಲೆನ್ಸ್ ಬರುತ್ತದೆ, ಆದರೆ ಮನೆ ಹೇಳಬೇಕಲ್ಲ. "ಅಗಸಿ ದಾಟಿ ಹನುಮಪ್ಪನ ಗುಡಿ ಹಿಂದ, ಬೇವಿನ ಗಿಡದ ಮನಿ" ಅನ್ನುವ ವಿಳಾಸ ಊರವರಿಗೆ ಸಾಕು, ರಾತ್ರಿ ಹೊರಗಿನಿಂದ ಬರುವ ಡ್ರೈವರಿಗೆ ಸಾಲದು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಅಂತ ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಹಂಚಿ ಒಂದೊಂದಕ್ಕೂ ಹತ್ತು ಅಕ್ಷರದ ಗುರುತು. ಬೇವಿನ ಗಿಡದ ಮನೆಗೂ ಒಂದು ಸಿಕ್ಕಿದೆ. ಆಂಬುಲೆನ್ಸ್ ಡ್ರೈವರುಗಳ ಕೈಯಲ್ಲಿ ಅದು ದಿನದ ಬಳಕೆಗೆ ಬಂದರೆ ಆ ಕೆಲಸಕ್ಕೆ ಬೆಲೆ.

ಎಷ್ಟೇ ಮಾಡಿದರೂ ಮೊದಲ ಹತ್ತು ನಿಮಿಷಕ್ಕೆ ಬರುವವರು ನಡೆದು ಬರುವವರೇ. ಆಶಾ ಕಾರ್ಯಕರ್ತೆಯ ಮೇಲೆ ಇದನ್ನೂ ಹೇರುವುದು ಸರಿಯಲ್ಲ, ಅವರಿಗೆ ಈಗಿರುವ ಕೆಲಸಕ್ಕೇ ಸರಿಯಾದ ಗೌರವಧನವಿಲ್ಲ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅಂಗವಿಕಲರ ಮನೆಗಳೆಲ್ಲ ಅವರಿಗೆ ಗೊತ್ತು. ಅವರ ಇಲಾಖೆಯೇ ಹಿರಿಯ ನಾಗರಿಕರ ಇಲಾಖೆಯೂ ಹೌದು. ಒಂಟಿ ಹಿರಿಯರ ಪಟ್ಟಿ, ಪಕ್ಕದ ಎರಡು ಮನೆಗಳ ನಂಬರ್, ಇಷ್ಟನ್ನು ಅವರಿಂದ ಮಾಡಿಸಿ, ಮಾಡಿದ್ದಕ್ಕೆ ದುಡ್ಡು ಕೊಡಬಹುದು. ನನ್ನನ್ನು ಕೇಳಿದರೆ ಸಾವಿರ ವಾಚು ಹಂಚುವುದಕ್ಕಿಂತ ಇದು ಮೊದಲು ಆಗಬೇಕು.

ಜಪಾನ್ ಪೋಸ್ಟ್ 2013ರಲ್ಲಿ ಶುಲ್ಕ ತೆಗೆದುಕೊಂಡು ಒಂಟಿ ಹಿರಿಯರ ಮನೆಗೆ ಪೋಸ್ಟಿನವರನ್ನು ಕಳಿಸಿ ಮಾತಾಡಿಸಿ, ಮಕ್ಕಳಿಗೆ ವರದಿ ಕೊಡುವ ಸೇವೆ ಶುರು ಮಾಡಿತು. ನಮ್ಮಲ್ಲಿ ದಿನಕ್ಕೆ ಎರಡು ಸಲ ಊರು ಸೇರುವ ಜಾಗ ಒಂದಿದೆ. ಹಾಲಿನ ಡೇರಿ. ನಮ್ಮ ಕಡೆಯ ಹಾಲು ಒಕ್ಕೂಟ ರಾಬಕೊವಿಯ ಸಂಘ ಇರುವ ಊರಲ್ಲಿ ಬೆಳಿಗ್ಗೆ ಯಾರು ಹಾಲು ತಂದರು, ಯಾರು ತರಲಿಲ್ಲ ಅಂತ ಕಾರ್ಯದರ್ಶಿಯ ಲೆಕ್ಕದಲ್ಲಿ ಇದ್ದೇ ಇರುತ್ತದೆ. ದಿನಾ ತರುವ ಮುದುಕ ಒಂದು ಹೊತ್ತು ಬರದಿದ್ದರೆ ಅಲ್ಲಿ ಯಾರೋ ಒಬ್ಬರು "ಯಾಕೋ ಮುತ್ಯಾ ಬಂದಿಲ್ಲಲ" ಅಂತ ಕೇಳಿಯೇ ಕೇಳುತ್ತಾರೆ. ಜೋಜಿರುಶಿ ಕೆಟಲಿನ ಕೆಲಸ ಇದೇ ಅಲ್ವಾ? ಎಮ್ಮೆ ಇಲ್ಲದವರಿಗೆ ಈ ಹಾಜರಿ ಇಲ್ಲ, ಅದೊಂದು ಕೊರತೆ. ಮರೆವಿನ ಕಾಯಿಲೆ ಬಂದವರಿಗಂತೂ ಮಿಸ್ಡ್ ಕಾಲು, ಗಂಟೆ ಯಾವುದೂ ಸಾಲದು. ಜೊತೆಗೆ ಮನುಷ್ಯರೇ ಇರಬೇಕು.

ದೊಡ್ಡವ್ವನ ಮನೆಗೆ ಕೊನೆಗೆ ನಾವು ಹಾಕಿದ್ದು ಒಂದು ವೈರ್‌ಲೆಸ್ ಕಾಲಿಂಗ್ ಬೆಲ್. ಸಿಂಧನೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಐನೂರರೊಳಗೆ ಸಿಕ್ಕಿತು. ಪ್ಲಗ್ಗಿಗೆ ಚುಚ್ಚುವುದನ್ನು ಬಿಟ್ಟು ಸೆಲ್ ಹಾಕುವುದನ್ನು ಹುಡುಕಿ ತಂದೆ. ಬೆಲ್ ಬಾಗಿಲ ಹೊರಗೆ ಇರುವ ಬದಲು ಪಕ್ಕದ ಮನೆಯ ಪಡಸಾಲೆಯಲ್ಲಿದೆ. ಗುಂಡಿ ಬಚ್ಚಲ ಗೋಡೆಯಲ್ಲಿ, ನೆಲದಿಂದ ಒಂದು ಅಡಿ ಎತ್ತರಕ್ಕೆ, ಬಿದ್ದಲ್ಲಿಂದಲೇ ಕೈಗೆ ಎಟಕುವ ಹಾಗೆ. ನೀರು ಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದೇವೆ. ಕಲ್ಲಿನ ದಪ್ಪ ಗೋಡೆ ದಾಟಿ ಸಿಗ್ನಲ್ ಹೋಗುತ್ತದೋ ಇಲ್ಲವೋ ಅಂತ ಅನುಮಾನವಿತ್ತು. ಮೂರು ಜಾಗ ಬದಲಿಸಿದ ಮೇಲೆ ಹೊಡೆಯಿತು. ತಿಂಗಳಿಗೊಮ್ಮೆ ಒತ್ತಿ ನೋಡಿ, ಸೆಲ್ ಹೋಗಿದ್ದರೆ ಬದಲಿಸಬೇಕು ಅಂತ ಪಕ್ಕದ ಮನೆ ಹುಡುಗಿಗೆ ಹೇಳಿ ಬಂದೆ.

ಅವಳು ಪರೀಕ್ಷೆ ಮಾಡುವ ಪ್ರಸಂಗವೇ ಬರಲಿಲ್ಲ. ಹಾಕಿದ ನಾಲ್ಕನೇ ದಿನ ಸಂಜೆ ಬೆಲ್ ಹೊಡೆಯಿತಂತೆ. ಹುಡುಗಿ, ಅವಳ ಅವ್ವ, ಅಪ್ಪ ಮೂವರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಂದರು. ದೊಡ್ಡವ್ವ ಬಚ್ಚಲ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು. "ಒಗ್ಗರಣಿ ಇಟ್ಟೀನಿ, ಒಂದೆರಡ ಎಸಳ ಕರಿಬೇವ ಇದ್ರ ಕೊಡ್ರವ್ವ" ಎಂದಳು.